ಅಹ್ಮದ್ ಖಾನ್ (ಫುಟ್‌ಬಾಲ್ ಆಟಗಾರ)

ಅಹ್ಮದ್ ಖಾನ್ (24 ಡಿಸೆಂಬರ್ 1926 – 27 ಆಗಸ್ಟ್ 2017) ಅವರು ಬೆಂಗಳೂರಿನಲ್ಲಿ ಜನಿಸಿದ ಭಾರತದ ಪ್ರಸಿದ್ಧ ಫುಟ್‌ಬಾಲ್ ಆಟಗಾರರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಭಾರತವನ್ನು ಪ್ರತಿನಿಧಿಸಿದ ಅವರು, 1951ರಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ತಂಡದ ಸದಸ್ಯರಾಗಿದ್ದರು. 1949ರಿಂದ 1959ರವರೆಗೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿ, ಆ ಕ್ಲಬ್ಬಿನ ‘ಪಂಚಪಾಂಡವರು’ ಎಂದು ಖ್ಯಾತರಾದ ಐವರು ಆಟಗಾರರಲ್ಲಿ ಒಬ್ಬರೆನಿಸಿದರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಸಾಗಿಸಿ ಎದುರಾಳಿಗಳನ್ನು ಮರುಳುಗೊಳಿಸುತ್ತಿದ್ದ ಕಾರಣ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರೂ ಇತ್ತು.

ಹಿನ್ನೆಲೆ

ಅಹ್ಮದ್ ಖಾನ್ ಅವರದು ಫುಟ್‌ಬಾಲ್ ಆಟಗಾರರ ಮನೆತನ. ತಂದೆಯೂ ಸೋದರರೂ ಈ ಆಟದಲ್ಲಿ ತೊಡಗಿದ್ದವರೇ. ಅವರ ಬಾಲ್ಯದ ಬೆಂಗಳೂರು ಎರಡು ಆಡಳಿತಗಳಿಗೆ ಸೇರಿದ ಊರಾಗಿತ್ತು. ಪೇಟೆಯ ಭಾಗ ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿದ್ದರೆ, ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು. ಸೈನ್ಯದ ತುಕಡಿಗಳು ಬೀಡುಬಿಟ್ಟಿದ್ದ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಫುಟ್‌ಬಾಲನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಮೊದಲಾದ ಬಡಾವಣೆಗಳು ಕಾಲಕ್ರಮದಲ್ಲಿ ಅನೇಕ ಆಟಗಾರರನ್ನು ನೀಡಿದವು.

ಈ ನೆಲದ ಆಟ ಹೊರಗೂ ಹೆಸರು ಮಾಡಿತ್ತು. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದು, ಅಲ್ಲಿಯವರೆಗೆ ಬ್ರಿಟಿಷ್ ಸೈನ್ಯದ ತಂಡಗಳ ಕೈಯಲ್ಲಿಯೇ ಇದ್ದ ಆ ಪ್ರಶಸ್ತಿಯನ್ನು ಭಾರತೀಯರ ಕೈಗೆ ತಂದಿತು. ಮರುವರ್ಷವೂ ಅದೇ ತಂಡ ಗೆದ್ದಿತು. ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. 1946–47ರ ಸಾಲಿನಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಮೊದಲ ಬಾರಿಗೆ ಅದನ್ನು ಪಡೆಯಿತು. ಅಹ್ಮದ್ ಖಾನ್ ಆಟಗಾರರಾಗಿ ರೂಪುಗೊಂಡದ್ದು ಈ ವಾತಾವರಣದಲ್ಲಿ.

ಆಟದ ಸ್ಥಾನ ಮತ್ತು ಶೈಲಿ

ಆ ಕಾಲದ ತಂಡಗಳಲ್ಲಿ ಗೋಲ್‌ಕೀಪರನ ಮುಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕ್‌ಗಳು ಮತ್ತು ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡ್‌ಗಳು ಇರುತ್ತಿದ್ದರು. ಐವರಲ್ಲಿ ಎರಡು ತುದಿಗಳಲ್ಲಿ ಇರುವವರು ವಿಂಗರ್‌ಗಳು, ನಡುವಿನವನು ಸೆಂಟರ್ ಫಾರ್ವರ್ಡ್. ವಿಂಗರ್‌ಗೂ ಸೆಂಟರ್ ಫಾರ್ವರ್ಡ್‌ಗೂ ನಡುವೆ ಆಡುವವರು ‘ಇನ್‌ಸೈಡ್’ ಆಟಗಾರರು. ಅಹ್ಮದ್ ಖಾನ್ ಎಡಬದಿಯ ಇನ್‌ಸೈಡ್ ಆಟಗಾರ. ಹೆಸರಿಗೆ ಫಾರ್ವರ್ಡ್ ಆದರೂ ಇನ್‌ಸೈಡ್ ಆಟಗಾರನ ಕೆಲಸ ಬಹುಮಟ್ಟಿಗೆ ಇಂದಿನ ಆಕ್ರಮಣಕಾರಿ ಮಿಡ್‌ಫೀಲ್ಡರ್‌ನದಾಗಿತ್ತು. ಹಾಫ್‌ಬ್ಯಾಕ್‌ಗಳಿಂದ ಚೆಂಡನ್ನು ಪಡೆಯುವುದು, ಎದುರಾಳಿಗಳನ್ನು ತನ್ನತ್ತ ಸೆಳೆದು ಜಾಗ ತೆರೆಯುವುದು, ತಕ್ಕ ಕ್ಷಣದಲ್ಲಿ ವಿಂಗರ್‌ಗಾಗಲಿ ಸೆಂಟರ್ ಫಾರ್ವರ್ಡ್‌ಗಾಗಲಿ ಚೆಂಡನ್ನು ಒದಗಿಸುವುದು ಅವನ ಹೊಣೆ. ಆದ್ದರಿಂದ ಇಂತಹ ಆಟಗಾರನ ಬೆಲೆಯನ್ನು ಅವನು ಹೊಡೆದ ಗೋಲುಗಳ ಎಣಿಕೆಯಿಂದ ಮಾತ್ರ ಅಳೆಯಲಾಗದು.

ಅಂದಿನ ಬಹುಪಾಲು ಭಾರತೀಯ ಆಟಗಾರರಂತೆ ಅಹ್ಮದ್ ಖಾನ್ ಬರಿಗಾಲಿನ ಆಟದಲ್ಲಿ ಬೆಳೆದವರು. ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡುವುದು ರೂಢಿಯಾಗಿತ್ತು. ಬರಿಗಾಲಿಗೆ ಚೆಂಡಿನ ಸ್ಪರ್ಶ ಸೂಕ್ಷ್ಮವಾಗಿ ತಿಳಿಯುತ್ತಿದ್ದುದರಿಂದ ಒಣ ನೆಲದ ಮೇಲೆ ಚೆಂಡನ್ನು ತಿರುಗಿಸಿ ನುಸುಳುವುದು ಸುಲಭವಾಗುತ್ತಿತ್ತು. ಕೆಸರು ನೆಲದಲ್ಲಿ, ಚಳಿಯಲ್ಲಿ, ಬೂಟು ತೊಟ್ಟ ಗಟ್ಟಿಮುಟ್ಟಾದ ಎದುರಾಳಿಗಳ ಮುಂದೆ ಅದೇ ಬರಿಗಾಲು ತೊಡಕಾಗುತ್ತಿತ್ತು. ಅವರ ಕ್ರೀಡಾಜೀವನದಲ್ಲಿ ಈ ಎರಡೂ ಅನುಭವಗಳು ಕಾಣಸಿಗುತ್ತವೆ.

ಲಂಡನ್ ಒಲಿಂಪಿಕ್ಸ್

1948ರಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಪಾಲ್ಗೊಂಡಿತು. ನಾಗಾ ಪ್ರದೇಶದ ಟಿ. ಆವೊ ನಾಯಕರಾಗಿದ್ದರು. ಬೆಂಗಳೂರಿನಿಂದ ಅಹ್ಮದ್ ಖಾನ್ ಅವರೊಡನೆ ಎಸ್. ರಾಮನ್, ಎಸ್. ಎ. ಬಷೀರ್ ಮೊದಲಾದವರೂ ಆ ತಂಡದಲ್ಲಿದ್ದರು. ಅಹ್ಮದ್ ಖಾನ್ ಅವರಿಗೆ ಆಗ 21 ವರ್ಷ.

ಜುಲೈ 31ರಂದು ಲಂಡನ್ ಸಮೀಪದ ಇಲ್ಫರ್ಡ್‌ನಲ್ಲಿ ಭಾರತ ಫ್ರಾನ್ಸ್ ತಂಡವನ್ನು ಎದುರಿಸಿತು. ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿ ಆಡಿದರು. ಫ್ರಾನ್ಸ್ ಮೊದಲು ಗೋಲು ಗಳಿಸಿತು. ದ್ವಿತೀಯಾರ್ಧದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಆದರೆ ತನಗೆ ದೊರೆತ ಎರಡು ಪೆನಾಲ್ಟಿ ಅವಕಾಶಗಳನ್ನು ಭಾರತ ಕಳೆದುಕೊಂಡಿತು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಭಾರತದ ಚೆಂಡಿನ ಮೇಲಣ ಹಿಡಿತ ಪ್ರೇಕ್ಷಕರ ಮೆಚ್ಚುಗೆ ಗಳಿಸಿತು.

ಈಸ್ಟ್ ಬೆಂಗಾಲ್ ಮತ್ತು ಪಂಚಪಾಂಡವರು

ಆಗಿನ ಕಲ್ಕತ್ತೆ ಭಾರತದ ಫುಟ್‌ಬಾಲಿನ ರಾಜಧಾನಿ. ಅಂದಿನ ನಿಯಮಗಳ ಪ್ರಕಾರ ಆಟಗಾರರು ಹವ್ಯಾಸಿಗಳೇ ಆಗಿರಬೇಕಿತ್ತು. ಹಣಕ್ಕಾಗಿ ಆಡುವವರಿಗೆ ಒಲಿಂಪಿಕ್ಸ್‌ನಲ್ಲಿ ಪ್ರವೇಶವಿರಲಿಲ್ಲ. ಆದರೂ ಆಟವನ್ನೇ ಬದುಕಾಗಿಸಿಕೊಳ್ಳಬಯಸುವವನಿಗೆ ದೊಡ್ಡ ಕ್ಲಬ್ಬುಗಳ ಆಶ್ರಯ, ದೊಡ್ಡ ಪಂದ್ಯಗಳು, ತುಂಬಿದ ಮೈದಾನಗಳು ದೊರೆಯುತ್ತಿದ್ದುದು ಅಲ್ಲಿಯೇ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಆಡಳಿತಗಾರರಾಗಿದ್ದ ಜೆ. ಸಿ. ಗುಹಾ ಅವರು ದಕ್ಷಿಣ ಭಾರತದ ಪ್ರತಿಭಾವಂತರನ್ನು ಹುಡುಕಿ ಕರೆತರುವ ನೀತಿ ಅನುಸರಿಸಿದರು. 1949ರಲ್ಲಿ ಅಹ್ಮದ್ ಖಾನ್ ಈ ಕ್ಲಬ್ಬನ್ನು ಸೇರಿದರು.

ಅಲ್ಲಿ ಪಿ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆ ಎಂಬ ಐವರ ಮುಂಪಡೆ ಸಿದ್ಧವಾಯಿತು. ಐವರೂ ದಕ್ಷಿಣ ಭಾರತದವರು. ಮಹಾಭಾರತದ ಹೆಸರನ್ನು ಬಂಗಾಳದ ಅಭಿಮಾನಿಗಳು ಅವರಿಗೆ ಇತ್ತರು. ದೇಶವಿಭಜನೆಯಿಂದ ಪೂರ್ವ ಬಂಗಾಳದ ಅಸಂಖ್ಯ ಕುಟುಂಬಗಳು ನಿರಾಶ್ರಿತರಾಗಿ ಕಲ್ಕತ್ತೆಗೆ ಬಂದಿದ್ದ ದಿನಗಳವು. ಊರು ಮನೆ ಕಳೆದುಕೊಂಡ ಆ ಜನರಿಗೆ ತಮ್ಮ ನಾಡಿನ ಹೆಸರು ಹೊತ್ತ ಈಸ್ಟ್ ಬೆಂಗಾಲ್ ಕ್ಲಬ್ಬಿನ ಗೆಲುವು ತಮ್ಮದೇ ಗೆಲುವೆನಿಸುತ್ತಿತ್ತು. ಅವರ ಭಾಷೆ ಅರಿಯದ ದಕ್ಷಿಣದ ಐವರು ಆಟಗಾರರು ಅವರ ಅಭಿಮಾನದ ಕೇಂದ್ರವಾದುದು ಭಾರತದ ಕ್ರೀಡಾ ಇತಿಹಾಸದ ಗಮನಾರ್ಹ ಸಂಗತಿ.

1949ರಲ್ಲಿ ಕ್ಲಬ್ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್ ಮತ್ತು ರೋವರ್ಸ್ ಕಪ್ ಈ ಮೂರನ್ನೂ ಗೆದ್ದಿತು. 1950ರಲ್ಲಿ ಲೀಗ್ ಮತ್ತು ಶೀಲ್ಡ್ ಮತ್ತೆ ದೊರೆತವು. 1951ರಲ್ಲಿ ಶೀಲ್ಡನ್ನು ಸತತ ಮೂರನೆಯ ಬಾರಿ ಗೆದ್ದುದಲ್ಲದೆ ಡ್ಯುರಾಂಡ್ ಕಪ್ಪನ್ನೂ ಪಡೆಯಿತು. 1952ರಲ್ಲಿ ಲೀಗ್ ಹಾಗೂ ಡ್ಯುರಾಂಡ್ ಎರಡೂ ಕ್ಲಬ್ಬಿನ ಪಾಲಾದವು. 1953ರಲ್ಲಿ ಈಸ್ಟ್ ಬೆಂಗಾಲ್ ರುಮೇನಿಯಾ ಮತ್ತು ಸೋವಿಯತ್ ಒಕ್ಕೂಟಗಳಿಗೆ ಪ್ರವಾಸ ಹೋಯಿತು.

ಕೈತಪ್ಪಿದ ವಿಶ್ವಕಪ್

1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್ಪಿಗೆ, ಅರ್ಹತಾ ಗುಂಪಿನ ಇತರ ದೇಶಗಳು ಹಿಂದೆಸರಿದ ಕಾರಣ, ಭಾರತ ಆಡದೆಯೇ ಅರ್ಹತೆ ಪಡೆದಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಭಾರತದ ಹೆಸರೂ ಸೇರಿತ್ತು. ಆದರೆ ಭಾರತ ತಂಡವನ್ನು ಕಳುಹಿಸಲಿಲ್ಲ. ಬರಿಗಾಲಿನಲ್ಲಿ ಆಡಲು ಅನುಮತಿ ಸಿಗದುದೇ ಇದಕ್ಕೆ ಕಾರಣವೆಂಬ ಕಥೆ ಜನಪ್ರಿಯವಾಗಿದೆ. ದೀರ್ಘ ಸಮುದ್ರಯಾನ, ಸಿದ್ಧತೆಯ ಕೊರತೆ, ವಿಶ್ವಕಪ್ಪಿಗಿಂತ ಒಲಿಂಪಿಕ್ಸ್‌ಗೆ ಹೆಚ್ಚು ಬೆಲೆ ಕೊಡುತ್ತಿದ್ದ ಅಂದಿನ ಮನೋಭಾವ ಇವನ್ನು ಇತಿಹಾಸಕಾರರು ಮುಖ್ಯ ಕಾರಣಗಳಾಗಿ ಗುರುತಿಸುತ್ತಾರೆ. ಅಹ್ಮದ್ ಖಾನ್ ಅವರಿಗೆ ಆಗ 23 ವರ್ಷ. ಆಟದ ಉತ್ತುಂಗದ ದಿನಗಳು. ಅವರ ತಲೆಮಾರಿಗೆ ಆ ಅವಕಾಶ ಮತ್ತೆ ಒದಗಲಿಲ್ಲ. ಭಾರತದ ಪುರುಷರ ತಂಡ ಇಂದಿಗೂ ವಿಶ್ವಕಪ್ಪಿನಲ್ಲಿ ಆಡಿಲ್ಲ.

ಚಿನ್ನ ಮತ್ತು ಹೆಲ್ಸಿಂಕಿಯ ಸೋಲು

1951ರ ಮಾರ್ಚ್‌ನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಮತ್ತು ನಾಯಕ ಶೈಲೇನ್ ಮನ್ನಾ ಅವರ ನೇತೃತ್ವದ ಭಾರತ ಇಂಡೋನೇಷ್ಯಾ ಹಾಗೂ ಅಫಘಾನಿಸ್ತಾನಗಳನ್ನು ಸೋಲಿಸಿತು. ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನ ಗೆದ್ದಿತು.

ಮರುವರ್ಷದ ಹೆಲ್ಸಿಂಕಿ ಒಲಿಂಪಿಕ್ಸ್ ಕಹಿಯಾಗಿತ್ತು. ಯುಗೊಸ್ಲಾವಿಯಾ ವಿರುದ್ಧ ಭಾರತ 1–10ರಿಂದ ಸೋತಿತು. ಭಾರತದ ಒಂದೇ ಗೋಲನ್ನು ಪಂದ್ಯದ ಕೊನೆಯ ನಿಮಿಷಗಳಲ್ಲಿ ಹೊಡೆದವರು ಅಹ್ಮದ್ ಖಾನ್. ಶೀತ ಹವೆಯಲ್ಲಿ ಬರಿಗಾಲಿನ ಆಟಗಾರರು ಪಟ್ಟ ಪಾಡನ್ನು ಕಂಡ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. ಬರಿಗಾಲಿನ ಸ್ಪರ್ಶವನ್ನೇ ಬಂಡವಾಳವಾಗಿಸಿಕೊಂಡಿದ್ದ ಆಟಗಾರರಿಗೆ ಇದು ತಮ್ಮ ವಿದ್ಯೆಯನ್ನು ಹೊಸದಾಗಿ ಕಲಿಯಬೇಕಾದ ಸಂದರ್ಭ. ಅಹ್ಮದ್ ಖಾನ್ ಆ ಬದಲಾವಣೆಯ ನಂತರವೂ ಏಳು ವರ್ಷ ಈಸ್ಟ್ ಬೆಂಗಾಲ್ ಪರವಾಗಿ ಆಡಿದರು. 1956ರಲ್ಲಿ ಕ್ಲಬ್ ಮತ್ತೊಮ್ಮೆ ಡ್ಯುರಾಂಡ್ ಕಪ್ ಗೆದ್ದಿತು.

ಅದೇ ವರ್ಷ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಅಹ್ಮದ್ ಖಾನ್ ಇರಲಿಲ್ಲ. ಬೆಂಗಳೂರಿನ ಪರಂಪರೆಯನ್ನು ಅಲ್ಲಿ ಮುಂದುವರಿಸಿದವರು ಹಾಫ್‌ಬ್ಯಾಕ್ ಎಂ. ಕೆಂಪಯ್ಯ.

ನಂತರದ ಕಾಲ ಮತ್ತು ಸ್ಥಾನಮಾನ

ದೇಶದ ಶ್ರೇಷ್ಠ ಆಟಗಾರರಿಗೆ ನೀಡುವ ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಅಷ್ಟರಲ್ಲಿ ಅಹ್ಮದ್ ಖಾನ್ ಅವರ ಈಸ್ಟ್ ಬೆಂಗಾಲ್ ದಿನಗಳು ಮುಗಿದಿದ್ದವು. ದೂರದರ್ಶನ ಬರುವ ಮುನ್ನ ಆಡಿದ ಈ ತಲೆಮಾರಿನ ಆಟ ಇಂದು ಅಂಕಿ ಅಂಶಗಳಲ್ಲಿ, ನೋಡಿದವರ ನೆನಪುಗಳಲ್ಲಿ ಮಾತ್ರ ಉಳಿದಿದೆ. ಗೋಲು ಹೊಡೆದವರ ಹೆಸರು ದಾಖಲೆಗೆ ಸೇರುತ್ತದೆ. ಗೋಲಿಗೆ ದಾರಿ ಮಾಡಿಕೊಟ್ಟವರ ಹೆಸರು ಅಂದಿನ ದಾಖಲೆಗಳಲ್ಲಿ ಅಪರೂಪ. ಹೀಗಾಗಿ ಬಂಗಾಳದಲ್ಲಿ ಮನೆಮಾತಾದ ಅಹ್ಮದ್ ಖಾನ್ ಅವರು ಕನ್ನಡ ನಾಡಿನ ಇಂದಿನ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತರಲ್ಲ.

1952–53, 1967–68 ಮತ್ತು 1968–69ರಲ್ಲಿ ಮೈಸೂರು ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಅನಂತರ ಈ ರಾಜ್ಯಕ್ಕೆ ಆ ಪ್ರಶಸ್ತಿ ಮರಳಿದ್ದು 54 ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ. ಆ ಗೆಲುವನ್ನು ಕಾಣಲು ಅಹ್ಮದ್ ಖಾನ್ ಇರಲಿಲ್ಲ.

ನಿಧನ

ಅಹ್ಮದ್ ಖಾನ್ ಅವರು 2017ರ ಆಗಸ್ಟ್ 27ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.