ನೀಲ್‌ಬಾಗ್‌ನ ಮೇಷ್ಟ್ರು ಡೇವಿಡ್ ಹಾರ್ಸ್‌ಬರೋ

ಆನೇಕಲ್ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಲಿ-ಕಲಿ ಕೊಠಡಿ ಹೊಸದಲ್ಲ. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಗೋಡೆಯಲ್ಲಿ ಕಲಿಕಾ ಏಣಿ, ಟ್ರೇಗಳಲ್ಲಿ ಕಾರ್ಡುಗಳು, ನೆಲದ ಮೇಲೆ ಗುಂಪು ಗುಂಪಾಗಿ ಕೂತು ತಮ್ಮ ತಮ್ಮ ಕೆಲಸದಲ್ಲಿ ತೊಡಗಿದ ಪುಟಾಣಿಗಳು. ಈ ಏರ್ಪಾಟು ಒಬ್ಬರಿಂದ ಹುಟ್ಟಿದ್ದಲ್ಲ. ಆದರೆ ಅದರ ಬೇರುಗಳನ್ನು ಹುಡುಕುತ್ತ ಹೋದರೆ, ಬ್ರಿಟನ್ನಿನಿಂದ ಬಂದು ಕೋಲಾರ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲೆ ಕಟ್ಟಿದ ಡೇವಿಡ್ ಹಾರ್ಸ್‌ಬರೋ ಅವರ ಹೆಸರು ಸಿಗುತ್ತದೆ.

ಹಾರ್ಸ್‌ಬರೋ ಭಾರತಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ದಿನಗಳಲ್ಲಿ, 1943ರ ಸುಮಾರಿಗೆ. ಯುದ್ಧ ಮುಗಿದರೂ ಈ ದೇಶದ ನಂಟು ಮುಗಿಯಲಿಲ್ಲ. ಮದನಪಲ್ಲಿ ಬಳಿಯ ಋಷಿವ್ಯಾಲಿ ಶಾಲೆಯಲ್ಲಿ ಅವರು ಪಾಠ ಹೇಳಿದರು. ಮುಂದೆ ಬ್ರಿಟಿಷ್ ಕೌನ್ಸಿಲ್ ಸೇರಿ ಮದ್ರಾಸು ಮತ್ತು ಬೆಂಗಳೂರುಗಳಲ್ಲಿ ಹಲವು ವರ್ಷ ದುಡಿದರು. ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನೂ ಬರೆದರು. ಪರಿಸರ ಅಧ್ಯಯನಕ್ಕೆಂದು ಅವರು ರಚಿಸಿದ ‘ಲರ್ನಿಂಗ್ ಅಬೌಟ್ ಲಿವಿಂಗ್’ ಮಾಲೆ ಅನೇಕ ಶಾಲೆಗಳಲ್ಲಿ ಬಳಕೆಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಅವರನ್ನು ಒಬ್ಬ ಒಳ್ಳೆಯ ಪಠ್ಯಲೇಖಕರೆಂದು ನೆನೆಯುತ್ತಿದ್ದೆವು. ಆದರೆ ಅವರು ಸ್ವಇಚ್ಛೆಯಿಂದ ನಿವೃತ್ತಿ ಪಡೆದು, ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡು ಬಳಿ ಏಳು ಎಕರೆ ಜಮೀನು ನೋಡಿಕೊಂಡು, 1972ರಲ್ಲಿ ‘ನೀಲ್‌ಬಾಗ್’ ಎಂಬ ಶಾಲೆಯನ್ನು ತೆರೆದರು. ಅಲ್ಲಿಗೆ ಬಂದವರು ಸುತ್ತಲಿನ ಹಳ್ಳಿಗಳ ಬಡಮಕ್ಕಳು. ಕರ್ನಾಟಕದ ನೆಲವಾದರೂ ಮನೆಮಾತು ಬಹುಮಟ್ಟಿಗೆ ತೆಲುಗು. ಹೀಗಾಗಿ ಇಂಗ್ಲಿಷ್, ಗಣಿತ, ಸಂಸ್ಕೃತಗಳ ಜೊತೆಗೆ ತೆಲುಗಿಗೂ ಕಲಿಕೆಯಲ್ಲಿ ಜಾಗವಿತ್ತು. ಸಂಗೀತ, ಮರಗೆಲಸ, ಹೊಲಿಗೆ, ಗಾರೆಕೆಲಸ, ತೋಟಗಾರಿಕೆ ಇವೂ ಪಾಠವೇ ಆಗಿದ್ದವು. ಬಿಡುವಿನ ಹೊತ್ತಿನ ಹವ್ಯಾಸಗಳಾಗಿರಲಿಲ್ಲ.

ನೀಲ್‌ಬಾಗ್‌ನಲ್ಲಿ ಮಕ್ಕಳನ್ನು ವಯಸ್ಸಿನಂತೆ ತರಗತಿಗಳಾಗಿ ಒಡೆಯಲಿಲ್ಲ. ದೊಡ್ಡವರೂ ಚಿಕ್ಕವರೂ ಒಂದೇ ಕಡೆ ಕೂತು, ಪ್ರತಿಯೊಬ್ಬರೂ ತಾವು ಮುಟ್ಟಿದ ಹಂತದಿಂದ ಮುಂದಕ್ಕೆ ಸಾಗುತ್ತಿದ್ದರು. ಪರೀಕ್ಷೆಯ ಭಯ, ಶಿಕ್ಷೆ, ಬಹುಮಾನ, ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸುವುದು ಯಾವುದೂ ಅಲ್ಲಿರಲಿಲ್ಲ. ಇದು ಸಡಿಲ ಬಿಟ್ಟ ಶಾಲೆಯೆಂದು ಯಾರಾದರೂ ಭಾವಿಸಿದರೆ ತಪ್ಪು. ಮಗು ತಾನಾಗಿಯೇ ಮುಂದುವರಿಯಬೇಕಾದರೆ ಅದರ ಕೈಗೆ ಸಿಗುವ ಸಾಮಗ್ರಿ ಹಂತಹಂತವಾಗಿ, ಗೊಂದಲವಿಲ್ಲದೆ ಸಿದ್ಧವಾಗಿರಬೇಕು. ಹಾರ್ಸ್‌ಬರೋ ತಯಾರಿಸುತ್ತಿದ್ದ ಸಾಮಗ್ರಿಯಲ್ಲಿ ಕ್ರಮವಿತ್ತು, ರೇಖಾಚಿತ್ರಗಳಿದ್ದವು, ನಡುನಡುವೆ ಒಂದಿಷ್ಟು ತಮಾಷೆಯೂ ಇತ್ತು. ಮಕ್ಕಳಿಗೂ ಶಿಕ್ಷಕರಿಗೂ ಸಮಾನವಾಗಿ ತೆರೆದಿದ್ದ ಒಳ್ಳೆಯ ಗ್ರಂಥಾಲಯವನ್ನೂ ಅವರು ಅಲ್ಲಿ ಬೆಳೆಸಿದರು. ಶಿಕ್ಷಕನ ಶ್ರಮ ಮಾತಿನಿಂದ ಸಿದ್ಧತೆಗೆ ವರ್ಗವಾಯಿತು ಎನ್ನಬಹುದು.

ನೀಲ್‌ಬಾಗ್ ಮಕ್ಕಳ ಶಾಲೆಯಷ್ಟೇ ಅಲ್ಲ, ಶಿಕ್ಷಕರ ಶಾಲೆಯೂ ಆಗಿತ್ತು. ಪ್ರಶಿಕ್ಷಣಾರ್ಥಿಗಳು ಕೆಲವೇ ಮಂದಿ. ಅವರು ಮಕ್ಕಳ ನಡುವೆಯೇ ಇದ್ದು, ಕೈಕೆಲಸಗಳನ್ನು ಕಲಿತು, ಸಾಮಗ್ರಿ ತಯಾರಿಸಿ, ನೋಡುತ್ತ ಮಾಡುತ್ತ ಮೇಷ್ಟ್ರಾದರು. ಹಾಗೆ ಕಲಿತವರು ಬೇರೆ ಬೇರೆ ಊರುಗಳಿಗೆ ಹೋಗಿ ಸಣ್ಣ ಸಣ್ಣ ಶಾಲೆಗಳನ್ನು ನಡೆಸಿದರು. ನೀಲ್‌ಬಾಗ್‌ನ ಅನುಭವ ಪಡೆದವರ ಮೂಲಕವೇ ಆ ಚಿಂತನೆ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ತಲುಪಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆ ಶಾಲೆಗಳನ್ನು ಕಂಡು ಬಂದು, ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿಯನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಅದನ್ನು ನೋಡಲು ಹಾರ್ಸ್‌ಬರೋ ಇರಲಿಲ್ಲ. 1984ರಲ್ಲೇ ಅವರು ತೀರಿಕೊಂಡಿದ್ದರು.

ಇಂದು ಹೊರದೇಶದ ಬಡ ಶಾಲೆಗಳಿಗೆ ಕೆಲವು ವಾರಗಳ ಮಟ್ಟಿಗೆ ಸಹಾಯಕ ಶಿಕ್ಷಕರಾಗಿ ಹೋಗುವ ಸ್ವಯಂಸೇವಕರು ಜಗತ್ತಿನಾದ್ಯಂತ ಇದ್ದಾರೆ. ಅವರ ಉತ್ಸಾಹದಲ್ಲಿ ಕೊರತೆಯಿಲ್ಲ. ಆದರೆ ಅವರು ಹೊರಟುಹೋದ ಮೇಲೆ ಆ ಶಾಲೆಯಲ್ಲಿ ಏನು ಉಳಿಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಹಾರ್ಸ್‌ಬರೋ ಅವರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ. ಅವರು ಬಂದುಹೋಗುವ ಅತಿಥಿಯಾಗಿ ಉಳಿಯಲಿಲ್ಲ. ಹಳ್ಳಿಯಲ್ಲಿ ನೆಲೆಸಿದರು, ಮಗು ತಾನೇ ಬಳಸಬಲ್ಲ ಸಾಮಗ್ರಿಯನ್ನು ಮಾಡಿದರು, ಇಲ್ಲಿಯವರನ್ನೇ ಶಿಕ್ಷಕರನ್ನಾಗಿ ತಯಾರು ಮಾಡಿದರು.

ಈ ಪ್ರಶ್ನೆ ನಮಗೂ ದೂರದ್ದಲ್ಲ. ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಗಳ ಕಾರ್ಖಾನೆಗಳಿಗೆ ದುಡಿಯಲು ಬಂದವರ ಮಕ್ಕಳು ನಮ್ಮ ಅಭ್ಯಾಸ ಶಾಲೆಗಳಲ್ಲಿದ್ದಾರೆ. ತಮಿಳು, ತೆಲುಗು, ಹಿಂದಿ ಆಡುವ ಮಗುವಿನ ಮುಂದೆ ಕನ್ನಡದ ಪ್ರಶಿಕ್ಷಣಾರ್ಥಿಯೂ ಒಂದರ್ಥದಲ್ಲಿ ಹೊರಗಿನವನೇ, ಹೊರಗಿನವಳೇ. ನೀಲ್‌ಬಾಗ್‌ನಲ್ಲಿ ಸಾಮಗ್ರಿ ಹುಟ್ಟುತ್ತಿದ್ದುದು ಎದುರಿಗಿದ್ದ ಮಗುವನ್ನು ನೋಡಿ. ನಮಗೆ ನಲಿ-ಕಲಿ ಕಾರ್ಡುಗಳು ಅಚ್ಚಾಗಿಯೇ ಬರುತ್ತವೆ. ಅವನ್ನು ಹಂಚುವುದಷ್ಟೇ ನಮ್ಮ ಕೆಲಸವೆಂದುಕೊಂಡರೆ ಪದ್ಧತಿಯ ಹೆಸರು ಉಳಿದು ಜೀವ ಹೋಗುತ್ತದೆ. ಒಂದು ಮಗು ಯಾವ ಮೆಟ್ಟಿಲಲ್ಲಿ ನಿಂತುಬಿಟ್ಟಿದೆ, ಏಕೆ ನಿಂತಿದೆ ಎಂದು ಕಂಡುಕೊಂಡು, ಅದಕ್ಕೆಂದೇ ಒಂದು ಕಾರ್ಡನ್ನು ಕೈಯಾರೆ ಬರೆದು, ಬೋಧನಾಭ್ಯಾಸ ಮುಗಿದ ದಿನ ಅದನ್ನು ತರಗತಿ ಶಿಕ್ಷಕರ ಕೈಗೊಪ್ಪಿಸಿ ಬರುವುದು ಪ್ರತಿ ಪ್ರಶಿಕ್ಷಣಾರ್ಥಿಗೂ ಸಾಧ್ಯವಿರುವ ಕೆಲಸ.