ಬೆರಳಿಗೆ ದಾರಿ ಹಾಕಿದ ಶೋಲ್ಸ್

ನಾಗಪುರದ ಹಿಂಗಣಾದಲ್ಲಿ ನಾನು ಕೆಲಸ ಮಾಡುವ ಲ್ಯಾಪ್‌ಟಾಪಿನ ಮೇಲೆ ಕನ್ನಡದ ಒಂದಕ್ಷರವೂ ಅಚ್ಚಾಗಿಲ್ಲ. ಆದರೂ ಕೆ ಒತ್ತಿದರೆ ‘ಕ’ ಬರುತ್ತದೆ, ಎಂ ಒತ್ತಿದರೆ ‘ಮ’. ಇದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಉಪಕಾರ. ಆ ಕೆ ಅಲ್ಲೇ ಕೂತಿರುವುದಕ್ಕೆ ಕಾರಣರಾದವರು ಮಾತ್ರ ಅಮೆರಿಕದ ಒಬ್ಬ ಮುದ್ರಕ, ಕ್ರಿಸ್ಟೋಫರ್ ಲೇಥಮ್ ಶೋಲ್ಸ್.

ಶೋಲ್ಸ್ ಹುಟ್ಟಿದ್ದು 1819ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಅಚ್ಚುಮೊಳೆ ಜೋಡಿಸುವುದನ್ನು ಕಲಿತು ವಿಸ್ಕಾನ್ಸಿನ್‌ಗೆ ಹೋದರು, ಪತ್ರಿಕೆ ನಡೆಸಿದರು, ಶಾಸಕರೂ ಆದರು. 1853ರಲ್ಲಿ ಆ ರಾಜ್ಯ ಮರಣದಂಡನೆ ರದ್ದು ಮಾಡಿದ್ದರ ಹಿಂದೆ ಅವರ ದುಡಿಮೆಯೂ ಇತ್ತು. ಇಷ್ಟೇ ಮಾಡಿ ಸತ್ತಿದ್ದರೂ ಒಳ್ಳೆಯ ಬದುಕೇ.

ಮಿಲ್ವಾಕೀಯ ಒಂದು ವರ್ಕ್‌ಶಾಪಿನಲ್ಲಿ ಗೆಳೆಯ ಸೋಲ್ ಜೊತೆ ಸೇರಿ ಪುಟಸಂಖ್ಯೆ ಒತ್ತುವ ಯಂತ್ರ ಮಾಡಿ 1866ರಲ್ಲಿ ಪೇಟೆಂಟ್ ಪಡೆದರು. ಅಂಕಿ ಒತ್ತುವ ಯಂತ್ರ ಅಕ್ಷರ ಏಕೆ ಒತ್ತಬಾರದು ಎಂದು ಕೆಣಕಿದವರು ಗ್ಲಿಡನ್. ಮೂವರಿಗೂ ಟೈಪ್‌ರೈಟರ್ ಪೇಟೆಂಟ್ ಸಿಕ್ಕಿದ್ದು 1868ರ ಜೂನ್ 23ರಂದು. ಆ ಮಾದರಿಯ ಕೀಲಿಗಳು ಪಿಯಾನೊದ ಹಾಗಿದ್ದವು, ಅಕ್ಷರಗಳೂ ಹೆಚ್ಚುಕಡಿಮೆ ಎಬಿಸಿ ಕ್ರಮದಲ್ಲೇ ಇದ್ದವು.

ಆಮೇಲಿನ ಐದು ವರ್ಷ ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಬರೀ ಟೆಸ್ಟಿಂಗ್. ಹಣ ಹಾಕಿದ ಡೆನ್ಸ್‌ಮೋರ್, ಪ್ರತಿ ಮಾದರಿಯನ್ನೂ ವಾಷಿಂಗ್ಟನ್ನಿನ ಶೀಘ್ರಲಿಪಿಕಾರ ಕ್ಲೆಫೇನ್ ಬಳಿಗೆ ಕಳಿಸುತ್ತಿದ್ದರು. ಆತ ಅದನ್ನು ಬಡಿದು ಮುರಿದು, ಉದ್ದದ ದೂರುಪಟ್ಟಿಯೊಂದಿಗೆ ವಾಪಸ್ ಕಳಿಸುತ್ತಿದ್ದ. ಶೋಲ್ಸ್ ರೇಗಿಕೊಳ್ಳುತ್ತಿದ್ದರು, ಆಮೇಲೆ ಮತ್ತೆ ತಿದ್ದಲು ಕೂರುತ್ತಿದ್ದರು. ಕ್ಲೆಫೇನ್‌ನಂಥ ಟೆಸ್ಟರ್ ಸಿಕ್ಕಿದ ತಂಡ ಪುಣ್ಯ ಮಾಡಿರಬೇಕು ಎಂದೇ ನನ್ನ ಅಭಿಪ್ರಾಯ.

ಅಕ್ಷರಗಳು ಸ್ಥಾನ ಬದಲಿಸಿದ್ದು ಈ ವರ್ಷಗಳಲ್ಲೇ. ಅಕ್ಕಪಕ್ಕದ ಅಚ್ಚುಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಹೀಗೆ ಮಾಡಿದರು ಎಂಬುದು ಪ್ರಚಲಿತ ಕಥೆ. ತಂತಿ ಕಚೇರಿಯವರ ಅನುಕೂಲಕ್ಕೆ ಎನ್ನುತ್ತಾರೆ ಜಪಾನಿನ ಸಂಶೋಧಕರು. ಎರಡರಲ್ಲೂ ಸ್ವಲ್ಪ ಸತ್ಯ ಇರಬಹುದೆಂದು ನನಗನ್ನಿಸುತ್ತದೆ. 1874ರಲ್ಲಿ ರೆಮಿಂಗ್ಟನ್ ಮಾರುಕಟ್ಟೆಗೆ ತಂದ ಯಂತ್ರದಲ್ಲಿ ಬರೀ ದೊಡ್ಡಕ್ಷರ. 1 ಮತ್ತು 0 ಕೀಲಿಗಳೇ ಇರಲಿಲ್ಲ. ಐ ಮತ್ತು ಓ ಒತ್ತಿ ಸುಧಾರಿಸಬೇಕಿತ್ತು. ಹೊಡೆದದ್ದು ತಕ್ಷಣ ಕಾಣುತ್ತಲೂ ಇರಲಿಲ್ಲ. ಶಿಫ್ಟ್ ಕೀಲಿ ಬಂದದ್ದು 1878ರಲ್ಲಿ.

ಇಲ್ಲದ ಚಿಹ್ನೆಗೆ ಇರುವ ಕೀಲಿಯಿಂದ ಒಳದಾರಿ ಹುಡುಕುವ ಈ ಅಭ್ಯಾಸ ನಮ್ಮನ್ನು ಇನ್ನೂ ಬಿಟ್ಟಿಲ್ಲ. ‘ಸೂರ್ಯ’ ಬರೆದರೆ ಅರ್ಕಾವತ್ತು ತಾನಾಗಿ ಬರುತ್ತದೆ. ‘ರ‍್ಯಾಂಕ್’ ಬೇಕೆಂದರೆ ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯಿನರ್ ಸೇರಿಸಬೇಕು. ವಿಂಡೋಸ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಕೀಬೋರ್ಡ್ ಆರಿಸಿ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ₹ ಮೂಡುತ್ತದೆ. ಅಕ್ಷರದ ಬದಲು ಅಂಕಿ ಬರುತ್ತಿದ್ದರೆ ರಿಪೇರಿ ಅಂಗಡಿಗೆ ಓಡುವ ಮೊದಲು ನಮ್‌ಲಾಕ್ ನೋಡಿ. ಹಿಂಗಣಾದ ನಮ್ಮ ಮರಾಠಿ ಗೆಳೆಯರಿಗೂ ಇದನ್ನು ಎಷ್ಟು ಸಲ ಹೇಳಿದ್ದೇನೋ!

ಶೋಲ್ಸ್ ತಮ್ಮ ಹಕ್ಕನ್ನು 12,000 ಡಾಲರಿಗೆ ಮಾರಿಬಿಟ್ಟರು. ಪ್ರತಿ ಯಂತ್ರಕ್ಕೂ ಇಷ್ಟೆಂದು ರಾಯಧನ ಕೇಳಿದ ಡೆನ್ಸ್‌ಮೋರ್ ಗಳಿಸಿದ್ದು ಅದಕ್ಕಿಂತ ಎಷ್ಟೋ ಪಟ್ಟು. ಕೊನೆಯ ವರ್ಷಗಳಲ್ಲಿ ಕ್ಷಯರೋಗ ಹಣ್ಣು ಮಾಡಿದ್ದರೂ ಅವರು ಯಂತ್ರ ತಿದ್ದುವುದನ್ನು ಬಿಡಲಿಲ್ಲ. ಕ್ವರ್ಟಿಯನ್ನೇ ಕೈಬಿಟ್ಟು ಬೇರೊಂದು ಅಕ್ಷರ ಜೋಡಣೆಯನ್ನೂ ಸಿದ್ಧಮಾಡಿದರು. 1890ರ ಫೆಬ್ರವರಿ 17ರಂದು ಮಿಲ್ವಾಕೀಯಲ್ಲಿ ತೀರಿಕೊಂಡರು. ಹೊಸ ಜೋಡಣೆಗೆ ಪೇಟೆಂಟ್ ಬಂದದ್ದು 1896ರಲ್ಲಿ. ಅಷ್ಟರಲ್ಲಿ ಟೈಪಿಸ್ಟರ ಬೆರಳುಗಳು ಅವರ ಹಳೆಯ ಜೋಡಣೆಗೇ ಒಗ್ಗಿಹೋಗಿದ್ದವು.