ದೊಡ್ಡ ಸ್ವಾಮಿಯವರು ಕಂಡೂ ನಂಬದ ಪವಾಡ

ಮಂಗಳೂರಿನಿಂದ ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವವರಿಗೆ ಶ್ರೀರಂಗಪಟ್ಟಣ, ಚನ್ನಪಟ್ಟಣ, ರಾಮನಗರ ಎಂಬ ಹೆಸರುಗಳು ಚಿರಪರಿಚಿತ. ಇನ್ನೂರು ವರ್ಷಗಳ ಹಿಂದೆಯೂ ಮೈಸೂರು ಸೀಮೆಯ ಮುಖ್ಯ ದಾರಿ ಇದೇ ಆಗಿತ್ತು. ಆ ಕಾಲದಲ್ಲಿ ಈ ಸೀಮೆಯ ಕ್ರೈಸ್ತರ ಆತ್ಮಿಕ ಪಾಲನೆಯನ್ನು ಹೊತ್ತವರು ಫ್ರಾನ್ಸ್ ದೇಶದ ಒಬ್ಬ ಧರ್ಮಗುರು. ತಲೆಗೆ ರುಮಾಲು ಸುತ್ತಿ, ಈ ನಾಡಿನವರಂತೆಯೇ ಉಡುಗೆ ತೊಟ್ಟು, ಈ ನಾಡಿನ ಊಟವನ್ನೇ ಉಂಡು ಬಾಳಿದ ಅವರನ್ನು ಜನರು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಚರಿತ್ರೆ ಅವರನ್ನು ಅಬ್ಬೆ ದುಬ್ವಾ ಎಂಬ ಹೆಸರಿನಿಂದ ನೆನೆಯುತ್ತದೆ.

ಪವಾಡವನ್ನು ಕಂಡವರೆಲ್ಲ ಏಕೆ ವಿಶ್ವಾಸಿಗಳಾಗುವುದಿಲ್ಲ ಎಂಬ ಪ್ರಶ್ನೆ ಅವರ ಬದುಕನ್ನು ಬಿಡದೆ ಕಾಡಿತು. ಆ ಪ್ರಶ್ನೆಗೆ ಅವರು ಬರೆದ ಉತ್ತರದಲ್ಲಿ ಕರಾವಳಿಯ ನಮ್ಮ ಹಿರಿಯರ ಪ್ರಸ್ತಾಪವೂ ಇದೆ. ಆದುದರಿಂದ ಅವರ ಬದುಕನ್ನು ನಾವು ತಿಳಿದಿರುವುದು ಒಳ್ಳೆಯದು.

ಫ್ರಾನ್ಸ್‌ನಿಂದ ಮೈಸೂರಿಗೆ

ಜ್ಯಾನ್ ಅಂತ್ವಾನ್ ದುಬ್ವಾ ಹುಟ್ಟಿದ್ದು 1766ರ ಜನವರಿಯಲ್ಲಿ, ದಕ್ಷಿಣ ಫ್ರಾನ್ಸ್‌ನ ಆರ್ದೆಶ್ ಪ್ರಾಂತ್ಯದ ಸ್ಯಾಂ ರೆಮೆಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಫ್ರಾನ್ಸ್ ಆಗ ಕ್ರಾಂತಿಯ ಉರಿಯಲ್ಲಿತ್ತು. ಧರ್ಮಗುರುಗಳ ಪ್ರಾಣಕ್ಕೇ ಅಪಾಯವಿದ್ದ ಆ ದಿನಗಳಲ್ಲಿ ಪ್ಯಾರಿಸ್ ಮಿಶನ್ ಸಂಸ್ಥೆಯ ಮೂಲಕ ಅದೇ ವರ್ಷ ಅವರು ಭಾರತಕ್ಕೆ ಹೊರಟರು. ಮೊದಲ ಕೆಲವು ವರ್ಷ ಪಾಂಡಿಚೇರಿ ಮಿಶನ್ನಿಗೆ ಸೇರಿದ ತಮಿಳು ನಾಡಿನ ಊರುಗಳಲ್ಲಿ ಸೇವೆ ಸಲ್ಲಿಸಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು. ಚದುರಿ ಹೋಗಿದ್ದ ಮೈಸೂರಿನ ಕ್ರೈಸ್ತ ಸಭೆಯನ್ನು ಮತ್ತೆ ಒಟ್ಟುಗೂಡಿಸುವ ಹೊಣೆ ದುಬ್ವಾ ಅವರ ಹೆಗಲಿಗೆ ಬಂತು. ಈ ಮಿಶನ್ ಹೊಸದೇನೂ ಆಗಿರಲಿಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲೇ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಅದಕ್ಕೆ ಅಡಿಪಾಯ ಹಾಕಿದ್ದರು. 1773ರಲ್ಲಿ ಜೆಸ್ವಿತ್ ಸಂಸ್ಥೆ ರದ್ದಾದ ಬಳಿಕ ಈ ಕ್ರೈಸ್ತರು ಪ್ಯಾರಿಸ್ ಮಿಶನ್ ಗುರುಗಳ ಪಾಲನೆಗೆ ಒಳಪಟ್ಟರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿರುವ ಹಳೆಯ ಚರ್ಚನ್ನು ಜನರು ಇಂದಿಗೂ ಅಬ್ಬೆ ದುಬ್ವಾ ಚರ್ಚ್ ಎಂದೇ ಗುರುತಿಸುತ್ತಾರೆ. ಬಡ ಕ್ರೈಸ್ತ ಕುಟುಂಬಗಳಿಗೆ ಉಳುಮೆಯ ನೆಲ ಸಿಗಲೆಂದು ಅವರು ಹಾಸನದ ಸಮೀಪದ ಸಾತಳ್ಳಿಯಲ್ಲಿ ಕೃಷಿಕರ ನೆಲೆಯನ್ನೂ ಕಟ್ಟಿದರು.

ರಾಮನ ಬೆಟ್ಟದ ನಾಡಿನಲ್ಲಿ

ಶ್ರೀರಂಗಪಟ್ಟಣದಿಂದ ಬೆಂಗಳೂರಿನ ಕಡೆಗಿರುವ ಈ ನಾಡು ಪವಾಡದ ಕಥೆಗಳ ತವರು. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಅಂದಿನ ರಾಮನಗರ ಜಿಲ್ಲೆಯಲ್ಲೇ ಎಷ್ಟೊಂದು! ರಾಮನಗರ ಪಟ್ಟಣಕ್ಕೆ 1800ರ ವೇಳೆಗೆ ದಿವಾನ್ ಪೂರ್ಣಯ್ಯನವರು ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಅವರ ಹೆಸರಿಟ್ಟು ಕ್ಲೋಸ್‌ಪೇಟೆ ಎಂದು ಕರೆದರೂ ಮೇಲಿನ ಬೆಟ್ಟ ರಾಮದೇವರ ಬೆಟ್ಟವಾಗಿಯೇ ಉಳಿಯಿತು. ವನವಾಸದಲ್ಲಿ ರಾಮನು ಅಲ್ಲಿ ತಂಗಿದ್ದನೆಂದೂ, ಕಾಗೆಯ ರೂಪದ ಕಾಕಾಸುರನ ಕಥೆ ನಡೆದದ್ದು ಅಲ್ಲಿಯೇ ಎಂದೂ, ಅದರಿಂದಾಗಿ ಆ ಬೆಟ್ಟಕ್ಕೆ ಕಾಗೆ ಸುಳಿಯುವುದಿಲ್ಲವೆಂದೂ ಜನ ಹೇಳುತ್ತಾರೆ. ಚನ್ನಪಟ್ಟಣದ ಪಕ್ಕದ ದೊಡ್ಡ ಮಳೂರಿನಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ತೊಟ್ಟಿಲು ಒಪ್ಪಿಸುತ್ತಾರೆ. ಮಾಗಡಿಯಲ್ಲಿ ರಂಗನಾಥ, ಸಾವನದುರ್ಗದಲ್ಲಿ ವೀರಭದ್ರ ಮತ್ತು ನರಸಿಂಹ. ಹೀಗೆ ಒಂದೊಂದು ಬಂಡೆಗೂ ಒಂದೊಂದು ಕಥೆ.

ಇಂಥ ನಾಡಿನಲ್ಲಿ ಬೈಬಲಿನ ಅದ್ಭುತಗಳನ್ನು ಹೇಳಿದಾಗ ಜನರು ಬೆರಗಾಗುತ್ತಾರೆ ಎಂದು ಯುರೋಪಿನಲ್ಲಿ ಕುಳಿತವರು ಎಣಿಸಿದ್ದರು. ದುಬ್ವಾ ಕಂಡದ್ದೇ ಬೇರೆ. ತಮ್ಮ ಪತ್ರಗಳಲ್ಲಿ ಅವರು ಅದನ್ನು ನೇರವಾಗಿ ಬರೆದರು. ಯೆಹೋಶುವನು ಕಾನಾನನ್ನು ಗೆದ್ದ ಕಥೆ ಹೇಳಿದರೆ, ಲಂಕೆಯನ್ನು ಗೆದ್ದ ರಾಮನ ಮುಂದೆ ಇದು ಯಾವ ದೊಡ್ಡ ಮಾತು ಎಂಬ ಭಾವ ಕೇಳುವವರ ಮುಖದಲ್ಲಿ. ಸಂಸೋನನ ಬಲವನ್ನು ವರ್ಣಿಸಿದರೆ ರಾವಣನ ಮುಂದೆ ಅದು ಸಪ್ಪೆ. ಸತ್ತು ನಾಲ್ಕು ದಿನಗಳಾದ ಲಾಜರನು ಎದ್ದು ಬಂದನೆಂದರೂ ಅವರಿಗೆ ಅಚ್ಚರಿಯಿಲ್ಲ, ಏಕೆಂದರೆ ಅಂಥದ್ದನ್ನು ಅವರು ತಮ್ಮೂರಿನಲ್ಲೇ ನೋಡಿದ್ದರು.

ಎಲ್ಲಿ ನೋಡಿದ್ದರು? ಆ ಆಚರಣೆಯ ಹೆಸರೇ ಪವಾಡ. ನಾವು ಇಂದು ಬಳಸುವ ಅದೇ ಪದ. ವೈಷ್ಣವರು ಪವಿತ್ರವೆಂದು ಭಾವಿಸುವ ಗರುಡನನ್ನೋ ಕೋತಿಯನ್ನೋ ಯಾರಾದರೂ ಕೊಂದರೆ ಅದಕ್ಕೆ ಪ್ರಾಯಶ್ಚಿತ್ತವಾಗಿ ಇದು ನಡೆಯುತ್ತಿತ್ತೆಂದು ದುಬ್ವಾ ದಾಖಲಿಸಿದ್ದಾರೆ. ನೆರೆದ ಜನರ ಮುಂದೆ ಒಬ್ಬನಿಗೆ ಸಣ್ಣ ಗಾಯ ಮಾಡುತ್ತಾರೆ, ಅವನು ಸತ್ತವನಂತೆ ಬೀಳುತ್ತಾನೆ, ವಾದ್ಯ ಮೊಳಗುತ್ತದೆ, ತೀರ್ಥ ಚಿಮುಕಿಸುತ್ತಾರೆ, ಅವನು ಎದ್ದು ಕೂರುತ್ತಾನೆ. ಇದನ್ನು ಕಣ್ಣಾರೆ ಕಂಡವರಿಗೆ ಬೆಥಾನ್ಯದ ಸಮಾಧಿ ದೂರದ ಸುದ್ದಿ.

ದುಬ್ವಾ ಇದರಿಂದ ಕಲಿತ ಪಾಠ ದೊಡ್ಡದು. ಕಥೆಗೆ ಕಥೆ, ಪವಾಡಕ್ಕೆ ಪವಾಡ ಎಂಬ ಪೈಪೋಟಿಯಿಂದ ವಿಶ್ವಾಸ ಹುಟ್ಟುವುದಿಲ್ಲ. ನಮ್ಮ ದೇವರು ದೊಡ್ಡ ಅದ್ಭುತ ಮಾಡಿದನೆಂದು ನಾವು ಹೇಳಿದರೆ, ಅದಕ್ಕಿಂತ ದೊಡ್ಡದನ್ನು ಹೇಳಲು ನೆರೆಮನೆಯವನಿಗೆ ಬಾಯಿಲ್ಲವೇ?

ಸೂಜಿಯ ಮೊನೆಯ ಅದ್ಭುತ

ಮಾತಿನಿಂದ ಆಗದ್ದನ್ನು ಅವರ ಕೈ ಮಾಡಿತು. ಆ ಕಾಲದಲ್ಲಿ ಸಿಡುಬು ಬಂದ ಮನೆಯಲ್ಲಿ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಅದು ಮಾರಿಯಮ್ಮನ ಕೋಪ. ಔಷಧಿ ಕೊಟ್ಟರೆ ಅವಳು ಇನ್ನಷ್ಟು ಕೆರಳುತ್ತಾಳೆ ಎಂಬ ಭಯ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಗೋಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ತಲುಪಿತು. ಅದಾದ ಒಂದೆರಡು ವರ್ಷಗಳಲ್ಲೇ ದುಬ್ವಾ ಮೈಸೂರು ಸೀಮೆಯಲ್ಲಿ ಲಸಿಕೆ ಹಾಕುವ ಕೆಲಸಕ್ಕೆ ಇಳಿದರು. 1803 ಮತ್ತು 1804ರಲ್ಲಿ ಅವರು ಲಸಿಕೆ ಹಾಕಿದವರ ಸಂಖ್ಯೆ 25,000ಕ್ಕೂ ಹೆಚ್ಚು.

ಈ ಕೆಲಸ ಇಂದಿನಂತೆ ಸುಲಭವಾಗಿರಲಿಲ್ಲ. ಲಸಿಕೆಯನ್ನು ಶೀತಲ ಪೆಟ್ಟಿಗೆಯಲ್ಲಿ ಇಡುವ ಅನುಕೂಲವಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಸುಮಾರು ಎಂಟನೆಯ ದಿನ ಕೀವಿನಂಥ ದ್ರವ ತೆಗೆದು ಮುಂದಿನ ಮಗುವಿನ ತೋಳಿಗೆ ಹಚ್ಚಬೇಕು. ಹೀಗೆ ತೋಳಿನಿಂದ ತೋಳಿಗೆ ಸರಪಳಿ ಸಾಗಬೇಕು. ಮಧ್ಯೆ ಒಂದು ಕೊಂಡಿ ಕಳಚಿದರೂ ಕೆಲಸ ನಿಂತಂತೆ. ಯಾವ ಜಾತಿಯ ಮಗುವಿನ ದ್ರವ ಯಾವ ಜಾತಿಯ ಮಗುವಿಗೆ ಎಂಬ ಪ್ರಶ್ನೆ ಬೇರೆ. ಹೆತ್ತವರು ಬಾಗಿಲು ಮುಚ್ಚಿಕೊಳ್ಳುವುದು ಸಹಜವಾಗಿತ್ತು. ಅಂಥ ಮನೆಗಳ ಮುಂದೆ ತಾಳ್ಮೆಯಿಂದ ನಿಂತು ಒಪ್ಪಿಸಲು ಜನರ ನಂಬಿಕೆಗೆ ಪಾತ್ರನಾದ ಮನುಷ್ಯನೇ ಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಲಾಜರನ ಕಥೆ ಕೇಳಿ ಬೆರಗಾಗದ ಜನ ಮಗುವಿನ ತೋಳನ್ನು ಅವರ ಮುಂದೆ ಚಾಚಿದರು. ಲಸಿಕೆ ಪವಾಡವಲ್ಲ, ವಿಜ್ಞಾನ. ಆದರೆ ಸಾಯಬೇಕಾಗಿದ್ದ ಮಗು ಅಂಗಳದಲ್ಲಿ ಓಡಾಡುವುದನ್ನು ಕಂಡ ತಾಯಿಗೆ ಆ ವ್ಯತ್ಯಾಸ ಅಷ್ಟೇನೂ ಕಾಣಿಸಿರಲಾರದು. ನಮ್ಮ ಹಳ್ಳಿಗಳಲ್ಲಿ ಲಸಿಕೆ ಹಾಕಿಸುವುದಕ್ಕೆ ದೇವಿ ಹಾಕಿಸುವುದು ಎಂಬ ಮಾತೇ ಬಳಕೆಗೆ ಬಂತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಘೋಷಿಸಿತು.

ನಿರಾಶೆಯ ಪತ್ರಗಳು

ಹಿಂದೂಗಳ ಆಚಾರ ವಿಚಾರಗಳ ಕುರಿತು ದುಬ್ವಾ ಸಿದ್ಧಪಡಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿ 2,000 ವರಹ ಕೊಟ್ಟು ಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರ ಹೊತ್ತಿಗೆ ಲಂಡನ್ನಿನಲ್ಲಿ ಅಚ್ಚಾಗಿ ಅವರಿಗೆ ಹೆಸರು ತಂದಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಜೆಸ್ವಿತ್ ಗುರು ಕೊರ್ದು ಅವರ ಬರಹದಿಂದ ತೆಗೆದದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ದುಬ್ವಾ ಸಂತರಲ್ಲ, ನಮ್ಮಂತೆಯೇ ಕೊರತೆಯಿದ್ದ ಗುರು.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟು ಫ್ರಾನ್ಸ್‌ಗೆ ಮರಳಿದರು. ಅದೇ ವರ್ಷ ಭಾರತದ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪುಸ್ತಕವಾಗಿ ಹೊರಬಂದವು. ಇಪ್ಪತ್ತೈದು ವರ್ಷ ದುಡಿದರೂ ತಮ್ಮಿಂದ ಸ್ನಾನದೀಕ್ಷೆ ಪಡೆದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ, ಅವರಲ್ಲೂ ಹೆಚ್ಚಿನವರು ಗತಿಯಿಲ್ಲದವರು ಎಂದು ಅವರು ಮನನೊಂದು ಬರೆದರು. ಈ ನಾಡು ಒಂದು ಜನಾಂಗವಾಗಿ ಕ್ರಿಸ್ತನನ್ನು ಸ್ವೀಕರಿಸುವ ಕಾಲ ಮುಗಿಯಿತು ಎಂಬುದು ಅವರ ತೀರ್ಪು. ಪ್ರಾಟೆಸ್ಟಂಟ್ ಧರ್ಮಗುರುಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ 1824ರಲ್ಲಿ ಇದಕ್ಕೆ ಉತ್ತರವಾಗಿ ಪುಸ್ತಕಗಳನ್ನೇ ಬರೆದರು.

ನಮ್ಮ ಹಿರಿಯರ ಕುರಿತು

ಪ್ರಿಯ ಓದುಗರೇ, ಆ ಪತ್ರಗಳಲ್ಲಿ ಕರಾವಳಿಯ ನಾವು ಓದಿ ಸುಮ್ಮನಿರಲಾಗದ ಒಂದು ಭಾಗವಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ ಕಥೆ ನಮ್ಮ ಮನೆಮನೆಯದು. ಸೆರೆಯಾದವರು 60,000ಕ್ಕಿಂತ ಹೆಚ್ಚೆಂದು ದುಬ್ವಾ ಎಣಿಸಿದರು; ಚರಿತ್ರಕಾರರು ಬೇರೆ ಬೇರೆ ಸಂಖ್ಯೆಗಳನ್ನು ಕೊಡುತ್ತಾರೆ. ಬಲವಂತದ ಮತಾಂತರದ ಎದುರು ಅಷ್ಟು ಸಾವಿರ ಮಂದಿಯಲ್ಲಿ ಒಬ್ಬನೂ ರಕ್ತಸಾಕ್ಷಿಯಾಗುವ ಧೈರ್ಯ ತೋರಲಿಲ್ಲ, ಇದು ನಾಚಿಕೆಗೇಡು ಎಂಬ ಅರ್ಥದಲ್ಲಿ ಅವರು ಬರೆದರು. ಹದಿನೈದು ವರ್ಷದ ಸೆರೆಯಲ್ಲಿ ಹಸಿವು, ರೋಗ, ಹೊಡೆತಗಳಿಂದ ಸತ್ತವರ ಮಕ್ಕಳ ಮಕ್ಕಳಿಗೆ ಈ ಮಾತು ಚುಚ್ಚದೆ ಇರದು.

ಆದರೆ ಅದೇ ಪುಟದಲ್ಲಿ ಅವರು ಇನ್ನೊಂದು ಸಂಗತಿಯನ್ನೂ ದಾಖಲಿಸಿದರು. ಟಿಪ್ಪು ಮಡಿದ ಬಳಿಕ ಈ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಭೆಗೆ ಮರಳಿದರು. ಹೊರಗೆ ಏನೇ ಆಗಿದ್ದರೂ ಎದೆಯೊಳಗೆ ಕ್ರಿಸ್ತನನ್ನು ಬಿಡಲಿಲ್ಲವೆಂದು ಹೇಳಿಕೊಂಡು ಸುಮಾರು 2,000 ಮಂದಿ ಸ್ವತಃ ಅವರ ಬಳಿಗೇ ಬಂದರು. ಸುಮಾರು 20,000 ಮಂದಿ ಘಟ್ಟ ಇಳಿದು ಮಂಗಳೂರು ಸೀಮೆಗೆ ಹಿಂದಿರುಗಿ, ಕೆಡವಿದ್ದ ಚರ್ಚುಗಳನ್ನು ಮತ್ತೆ ಎಬ್ಬಿಸಿದರು. ಇದನ್ನೆಲ್ಲ ಬರೆದ ದುಬ್ವಾ ಕೊನೆಗೆ ಸೇರಿಸಿದ ಮಾತು ಇಷ್ಟೆ: ಇನ್ನೊಮ್ಮೆ ಇಂಥ ಶೋಧನೆ ಬಂದರೆ ಇವರು ಮತ್ತೆ ಹೀಗೆಯೇ ಮಾಡಿಯಾರು ಎಂಬ ಭಯ.

ಹದಿನೈದು ವರ್ಷ ಗುರುಗಳಿಲ್ಲ, ಬಲಿಪೂಜೆಯಿಲ್ಲ, ಚರ್ಚಿಲ್ಲ. ಆದರೂ ಜಪ ಮರೆಯದೆ ಮನೆಯ ಕಡೆಗೆ ನಡೆದು ಬಂದ ಜನ. ಇದಕ್ಕಿಂತ ದೊಡ್ಡ ಅದ್ಭುತ ಯಾವುದು? ಪವಾಡ ಕಂಡರೂ ಈ ನಾಡಿನವರು ನಂಬುವುದಿಲ್ಲ ಎಂದು ಕೊರಗಿದ ಗುರುವಿನ ಬಾಗಿಲಿಗೇ ಪವಾಡ ಬಂದು ನಿಂತಿತ್ತು. ಅವರು ಅದನ್ನು ಎಣಿಸಿದರು, ಬರೆದಿಟ್ಟರು, ಆದರೆ ನಂಬಲಿಲ್ಲ. ರಕ್ತ ಸುರಿಸುವ ವಿಶ್ವಾಸವನ್ನು ಅವರ ಕಣ್ಣು ಹುಡುಕುತ್ತಿತ್ತು. ಹೆದರಿ, ಬಿದ್ದು, ಮತ್ತೆ ಎದ್ದು ಬಂದ ಪೇತ್ರನಂಥ ವಿಶ್ವಾಸ ಅವರಿಗೆ ಸಾಲದಾಯಿತು.

ಶುಭಸಂದೇಶವೂ ಇದನ್ನೇ ಹೇಳುತ್ತದೆ. ಲಾಜರನು ಎದ್ದು ಬಂದುದನ್ನು ಕಂಡ ಕೆಲವರು ಯೇಸುಸ್ವಾಮಿಯನ್ನು ನಂಬಿದರು, ಇನ್ನು ಕೆಲವರು ನೇರವಾಗಿ ಫರಿಸಾಯರ ಬಳಿಗೆ ಹೋಗಿ ದೂರಿತ್ತರು. ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂತಿರುಗಿ ಬಂದವನು ಒಬ್ಬನೇ. ನಜರೇತಿನಲ್ಲಿ ಸ್ವಂತ ಊರಿನವರ ಅವಿಶ್ವಾಸಕ್ಕೆ ಸ್ವಾಮಿಯೇ ಬೆರಗಾದರು. ಕಣ್ಣು ಕಂಡದ್ದನ್ನು ಹೃದಯವು ಒಪ್ಪಬೇಕು. ಒಪ್ಪದಿದ್ದರೆ ಗುರುವಾದರೇನು, ಊರಿನವನಾದರೇನು?

ಬಳಿಕ

ಪ್ಯಾರಿಸಿನಲ್ಲಿ ದುಬ್ವಾ ತಮ್ಮ ಸಂಸ್ಥೆಯ ಗುರುಮಠದ ನಿರ್ದೇಶಕರಲ್ಲಿ ಒಬ್ಬರಾದರು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. ಮುಗಿದೇ ಹೋಯಿತೆಂದು ತಾವು ಬರೆದ ಮಿಶನ್ ಕ್ಷೇತ್ರಗಳಿಗೆ ಹೊಸ ಗುರುಗಳನ್ನು ತಯಾರು ಮಾಡುವ ಮನೆಯಲ್ಲೇ ಅವರು ಕಡೆಯವರೆಗೂ ಬಾಳಿದರು. 1848ರ ಫೆಬ್ರುವರಿ 17ರಂದು, 82ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ತೀರ್ಪು ಏನಾಯಿತು? ಕನಕಪುರ ಸೀಮೆಯಲ್ಲಿ ಅರ್ಕಾವತಿ ನದಿಯ ಬಳಿ ಹಾರೋಬೆಲೆ ಎಂಬ ಹಳೆಯ ಕ್ರೈಸ್ತ ಹಳ್ಳಿಯಿದೆ. ಅಲ್ಲಿನ ರೈತಾಪಿ ಜನ ಶುಭ ಶುಕ್ರವಾರದ ದಿನಗಳಲ್ಲಿ ಯೇಸುಸ್ವಾಮಿಯ ಪಾಡುಗಳನ್ನು ಕನ್ನಡದಲ್ಲಿ ಆಡಿ ತೋರಿಸುತ್ತಾರೆ, ಸುತ್ತಲಿನ ಊರುಗಳ ಜನ ಸೇರುತ್ತಾರೆ. ಆ ಊರಿನಿಂದ ಎಷ್ಟೋ ಗುರುಗಳು, ಕನ್ಯಾಸ್ತ್ರೀಯರು ಸಭೆಯ ಸೇವೆಗೆ ಹೊರಟಿದ್ದಾರೆ. ಇತ್ತ ನಮ್ಮ ಕರಾವಳಿಯ ಚರ್ಚುಗಳಲ್ಲಿ ಭಾನುವಾರ ಗಂಟೆ ಬಾರಿಸುತ್ತಿದೆ.

ಮುಂದಿನ ಬಾರಿ ಆ ದಾರಿಯಲ್ಲಿ ಹೋಗುವಾಗ ಗಂಜಾಂನಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ತೋಳಿನಿಂದ ತೋಳಿಗೆ ಜೀವ ದಾಟಿಸಿದ ದೊಡ್ಡ ಸ್ವಾಮಿಯವರ ಆತ್ಮಕ್ಕಾಗಿ ಪ್ರಾರ್ಥಿಸೋಣ. ಅವರು ಲೆಕ್ಕ ಹಿಡಿದೂ ನಂಬದೆ ಹೋದ ಆ 2,000 ಮಂದಿಯನ್ನೂ ನೆನೆಯೋಣ. ಅವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅವರಂತೆ ಮರಳಿ ಬಂದವರ ಕುಡಿಗಳೇ ನಾವು.